ಅಪ್ಪಯ್ಯನ ಕಬ್ಬಿಣದ ಡ್ರಮ್ಮು: ಅನಿಮೇಷನ್ ಹಾಸ್ಯದ ಕಂತು ಕಳಿಸಿದವರಿಗೆ ಉತ್ತರ

ನಮಸ್ಕಾರ.

ಶಿರಸಿ ಕಡೆಯ ತೋಟದ ಮನೆಯನ್ನಿಟ್ಟುಕೊಂಡು ನೀವು ಬರೆದ ಅನಿಮೇಷನ್ ಹಾಸ್ಯದ ಮೊದಲ ಕಂತನ್ನು ಎರಡು ಸಲ ಓದಿದೆವು. ಕೂಲಿ ಉಳಿಸಲೆಂದು ಅಪ್ಪಯ್ಯ ತಾನೇ ಅಡಿಕೆಗೆ ಕೊಳೆ ಔಷಧಿ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗದ ಔಷಧಿ) ಹೊಡೆಯಲು ಹೊರಡುತ್ತಾನೆ, ಔಷಧಿ ಕೆಡುತ್ತದೆ, ಮೈತುಂಬ ನೀಲಿ ಸುರಿದುಕೊಂಡು ಜಾತ್ರೆ ಪೇಟೆಯಲ್ಲಿ ಓಡುತ್ತಾನೆ, ಮನೆಯವರೆಲ್ಲ ನಗುತ್ತಾರೆ. ಈಗಿರುವ ರೂಪದಲ್ಲಿ ಇದನ್ನು ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ 17ನೇ ಪುಟದಲ್ಲಿ ಒಬ್ಬ ಅಜ್ಜ ಇದ್ದಾನೆ. ರಾತ್ರಿ ಮಲಗಿದಲ್ಲಿಂದಲೇ ತೋಟದಲ್ಲಿ ಉದುರುವ ಕಾಯಿಗಳ ಸದ್ದನ್ನು ಎಣಿಸುತ್ತಾನೆ. ಅವನನ್ನು ಬರೆದ ಕೈಗೆ ಉಳಿದವರನ್ನೂ ಹಾಗೆ ಬರೆಯಲು ಬರುತ್ತದೆ ಎಂಬ ನಂಬಿಕೆಯಿಂದ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಮುಖ್ಯ ತೊಂದರೆ ಅಪ್ಪಯ್ಯನದು. ಮೊದಲ 4 ಪುಟಗಳಲ್ಲಿ ಅವನು 5 ಸಲ ಬೀಳುತ್ತಾನೆ, 7 ಸಲ ಬೈಸಿಕೊಳ್ಳುತ್ತಾನೆ. ಅವನು ದುಡ್ಡು ಉಳಿಸುತ್ತಿರುವುದು ಮಗಳ ಧಾರವಾಡದ ಹಾಸ್ಟೆಲ್ಲಿಗೆ ಎಂಬುದು ಗೊತ್ತಾಗುವುದು 29ನೇ ಪುಟದಲ್ಲಿ, ಅದೂ ಮಕ್ಕಳ ತಾಯಿ ಆಯಿಯ ಬಾಯಲ್ಲಿ. ಅಷ್ಟರೊಳಗೆ ನೋಡುವವರು ಅವನನ್ನು ಪೆದ್ದ ಎಂದು ತೀರ್ಮಾನಿಸಿ ಆಗಿರುತ್ತದೆ. ಆಮೇಲೆ ಬರುವ ಕಾರಣ ಸಮಜಾಯಿಷಿಯಂತೆ ಕೇಳುತ್ತದೆ. ಅದನ್ನು 3ನೇ ಪುಟಕ್ಕೆ ತನ್ನಿ, ಮಾತಿಲ್ಲದೆ ತನ್ನಿ. ಪೇಟೆ ಅಂಗಡಿಯಲ್ಲಿ ಅಪ್ಪಯ್ಯ ಪ್ಲಾಸ್ಟಿಕ್ ಡ್ರಮ್ಮಿನ ಬೆಲೆ ಕೇಳುತ್ತಾನೆ. ಕಿಸೆಯಿಂದ ಲಕೋಟೆ ತೆಗೆಯುತ್ತಾನೆ. ಲಕೋಟೆಯ ಮೇಲೆ ಮಗಳ ಅಕ್ಷರದಲ್ಲಿ ‘ಹಾಸ್ಟೆಲ್’ ಎಂದಿದೆ. ಎರಡು ನೋಟು ಎಳೆದವನು ಮತ್ತೆ ಒಳಗೆ ತುರುಕಿ, ಕೊಟ್ಟಿಗೆಯ ಹಿಂದೆ ಬಿದ್ದಿರುವ ಹಳೇ ಕಬ್ಬಿಣದ ಡ್ರಮ್ಮೇ ಸಾಕು ಎಂದು ಹೊರಡುತ್ತಾನೆ. ಇಲ್ಲಿಂದ ಮುಂದೆ ನಮಗೆ ಗೊತ್ತಿದ್ದದ್ದು ಮನೆಯವರಿಗೆ ಗೊತ್ತಿಲ್ಲ. ಅವರು ಬೈದಷ್ಟೂ ನಾವು ಅಪ್ಪಯ್ಯನ ಹತ್ತಿರ ಸರಿಯುತ್ತೇವೆ, ನಗು ಮಾತ್ರ ಕಡಿಮೆಯಾಗುವುದಿಲ್ಲ.

ಎರಡನೆಯದು, ಅವನಿಗೆ ಕೆಲಸ ಬರಬೇಕು. ಹುಟ್ಟಿದಂದಿನಿಂದ ಅಡಿಕೆ ತೋಟದಲ್ಲಿರುವವನು ಬೋರ್ಡೋ ದ್ರಾವಣಕ್ಕೆ, ಅಂದರೆ ಅದೇ ಕೊಳೆ ಔಷಧಿಗೆ, ಎಷ್ಟು ಸುಣ್ಣ ಎಂದು ಮೊಬೈಲು ನೋಡುತ್ತಾನೆಯೇ? ನೋಡುವವರು ಅಲ್ಲೇ ಕೈಬಿಡುತ್ತಾರೆ. ಬದಲಿಗೆ ಅವನು ಎಲ್ಲವನ್ನೂ ಸರಿಯಾಗಿ ಮಾಡಲಿ: 1 ಕಿಲೋ ಮೈಲುತುತ್ತ (ತಾಮ್ರದ ನೀಲಿ ಉಪ್ಪು) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕುವುದು. 40 ಸೆಕೆಂಡು ಅವನ ಕೈಚಳಕ ನೋಡಲು ಬಿಡಿ. ತಪ್ಪು ಒಂದೇ, ಪಾತ್ರೆ. ತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಅದರೊಳಗಿನ ತಾಮ್ರ ಕಬ್ಬಿಣದ ಮೇಲೆ ಹೋಗಿ ಕೂರುತ್ತದೆ, ಔಷಧಿಯ ಶಕ್ತಿ ಹೋಗುತ್ತದೆ. ಅನಿಮೇಷನ್ನಿಗೆ ಹೇಳಿಮಾಡಿಸಿದಂಥ ಚಿತ್ರವೂ ಈ ಕೆಲಸದಲ್ಲೇ ಇದೆ, ನೀವು ಬಳಸಿಲ್ಲ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಅಪ್ಪಯ್ಯ ಆಯಿಯ ಅಡುಗೆಮನೆ ಚಾಕು ಕದ್ದು ತಂದು ಅದ್ದಲಿ. ಕೆಂಪಾದ ಅಲಗನ್ನು ಪಂಚೆಯ ತುದಿಯಲ್ಲಿ ಉಜ್ಜಲಿ, ಸುಣ್ಣ ಹಾಕಲಿ, ಮತ್ತೆ ಅದ್ದಲಿ. ಅಲಗು ಕೆಂಪಾಗುವುದು ನಿಲ್ಲುವವರೆಗೂ ಸುಣ್ಣದ ಮೇಲೆ ಸುಣ್ಣ ಹಾಕುತ್ತಾನೆ, ತಾಮ್ರ ಕುಡಿದ ಡ್ರಮ್ಮನ್ನು ಮಾತ್ರ ಅನುಮಾನಿಸುವುದಿಲ್ಲ. ಆ ನಗು ಅವನ ಹಟದಿಂದ ಹುಟ್ಟುತ್ತದೆ. ಜಾರಿ ಬೀಳುವ ನಗುವಿಗಿಂತ ಎಷ್ಟೋ ಮೇಲು.

ಈ ಎರಡು ಮಾತಿಗೂ ನಮ್ಮ ಬಯಲಾಟದಲ್ಲೇ ಪಾಠವಿದೆ. ಕಾರ್ಕೋಟಕ ಸರ್ಪ ಕಚ್ಚಿ ರೂಪಗೆಟ್ಟ ನಳ ಬಾಹುಕನಾಗಿ ಋತುಪರ್ಣನ ಬಳಿ ಊಳಿಗಕ್ಕೆ ನಿಲ್ಲುತ್ತಾನೆ. ಅವನ ಆಕಾರ ನಗಿಸುತ್ತದೆ. ಆದರೆ ಅವನು ಯಾರೆಂದು ಆಟ ನೋಡುವ ಸಭೆಗೆ ಗೊತ್ತು, ಋತುಪರ್ಣನಿಗೆ ಗೊತ್ತಿಲ್ಲ. ಕುದುರೆ ಓಡಿಸುವ ವಿದ್ಯೆ, ಅಡುಗೆಯ ಕೈ ಎರಡೂ ಅವನಲ್ಲಿ ಹಾಗೇ ಉಳಿದಿವೆ. ಮುಂದಿನ ಸಲ ಆಟಕ್ಕೆ ಹೋದಾಗ ಬಾಹುಕ ಬಂದ ಹೊತ್ತಿನಲ್ಲಿ ಸಭೆಯ ಕಡೆ ತಿರುಗಿ ನೋಡಿ.

ಮಗ ಹೇಳುವ ‘ಅಪ್ಪಯ್ಯಾ, ನಿಂಗೆ ಒಂದ್ ಕೆಲ್ಸನೂ ಬತ್ತಿಲ್ಲೆ’ ಎಂಬ ಮಾತನ್ನು ತೆಗೆಯಬೇಡಿ. ಈಗ ಅವನು ಜಗಲಿಯಲ್ಲಿ ಕಾಲು ಚಾಚಿ ಕೂತು ಹೇಳುತ್ತಾನೆ, ಅದಕ್ಕೇ ಕಟುವಾಗಿದೆ. ಅದೇ ಮಾತನ್ನು ಪಂಪಿನ ಪೈಪಿನ ಸಿಕ್ಕು ಬಿಡಿಸುತ್ತ ಹೇಳಲಿ. ಬಾಯಿ ಬೈಯುತ್ತಿದ್ದರೂ ಕೈ ಸಹಾಯ ಮಾಡುತ್ತಿದ್ದರೆ ಮನೆ ಮನೆಯಾಗಿ ಕಾಣುತ್ತದೆ.

ಆಯಿ 11 ಕಡೆ ಬೈಯುತ್ತಾಳೆ, 11 ಕಡೆಯೂ ಅವಳದೇ ಸರಿ. ಯಾವಾಗಲೂ ಸರಿಯಾಗಿರುವವರ ಮೇಲೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ, ಅವಳಿಗೂ ಒಂದು ತಪ್ಪು ಕೊಡಿ. ಕಬ್ಬಿಣದ ಡ್ರಮ್ಮನ್ನು ಅವಳು ಅಡುಗೆಮನೆ ಕಿಟಕಿಯಿಂದ ನೋಡಿದ್ದಾಳೆ, ಬೆಳಿಗ್ಗೆಯ ಜಗಳದ ಬಿಗುಮಾನಕ್ಕೆ ಸುಮ್ಮನಿದ್ದಾಳೆ. ಕೊನೆಯಲ್ಲಿ ಸೋಲು ಇಬ್ಬರದೂ ಆಗುತ್ತದೆ.

ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನ ಬಗ್ಗೆ ಖಡಾಖಂಡಿತ ಹೇಳುತ್ತೇವೆ. ಅವನ ಮಾತಿನ ಧಾಟಿಯನ್ನೇ ನಗೆಯ ಸರಕು ಮಾಡಿದ್ದೀರಿ, ಆ 6 ಸಂಭಾಷಣೆಗಳೂ ಹೋಗಬೇಕು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುವವನು ಇಡೀ ಕಂತಿನಲ್ಲೇ ದೊಡ್ಡ ಕಸುಬುದಾರ. ಅವನನ್ನು ಮರದ ಮೇಲಿಡಿ, ಕೆಳಗಿನ ಗಲಾಟೆಯನ್ನೆಲ್ಲ ಅವನು ಮೇಲಿಂದ ನೋಡುತ್ತಿರಲಿ.

ಜಾತ್ರೆಯ ದೃಶ್ಯ ಪೂರ್ತಿ ಬಿಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬೇಸಿಗೆಯ ಹೊಸ್ತಿಲಲ್ಲಿ ನಡೆಯುತ್ತದೆ. ಕೊಳೆಗೆ ಔಷಧಿ ಹೊಡೆಯುವುದು ಮುಂಗಾರು ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ನೀವು ಎರಡನ್ನೂ ಒಂದೇ ವಾರದಲ್ಲಿ ತಂದಿದ್ದೀರಿ. ಅಲ್ಲದೆ ಜನಜಂಗುಳಿ ಎಂದು ಬರೆಯಲು ಒಂದು ಪದ ಸಾಕು, ಬಿಡಿಸುವವರಿಗೆ ಅದು ವಾರಗಳ ಕೆಲಸ. ಪ್ರತಿ ಪಾತ್ರಕ್ಕೂ ಮುಂದಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ ಕಾಣುವ ಮಾದರಿ ಚಿತ್ರ ಬೇಕು, ಪ್ರತಿ ಜಾಗಕ್ಕೂ ಬೇರೆ ಹಿನ್ನೆಲೆ ಬೇಕು. ನಿಮ್ಮಲ್ಲಿ 23 ಪಾತ್ರ, 14 ಜಾಗ. 7 ಪಾತ್ರ, 5 ಜಾಗಕ್ಕೆ ಇಳಿಸಿ: ಜಗಲಿ, ಅಡುಗೆಮನೆ, ಕೊಟ್ಟಿಗೆ, ತೋಟ, ಅಂಗಡಿ.

22 ನಿಮಿಷದ ಕಂತಿಗೆ 41 ಪುಟ ಆಗುವುದಿಲ್ಲ. ಪುಟಕ್ಕೆ ಒಂದು ನಿಮಿಷ ಎಂಬುದು ಸಾಮಾನ್ಯ ಲೆಕ್ಕ. ಮಾತು ಚುರುಕಾಗಿ ಓಡುವ ಹಾಸ್ಯವಾದ್ದರಿಂದ 28ರವರೆಗೆ ಎಳೆಯಬಹುದು. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯ ಮುರಿಯಿರಿ, ಯಾಕೆಂದರೆ ಇಲ್ಲಿ ಧ್ವನಿಮುದ್ರಣ ಮೊದಲು, ತುಟಿ ಬಿಡಿಸುವುದು ಆಮೇಲೆ. ಒಂದು ಮಾತು ತಡವಾಗಿ ಬದಲಾದರೆ ಎರಡೂ ಕೆಲಸ ಹೊಸದಾಗಿ ಆಗಬೇಕು.

‘ಅಪ್ಪಯ್ಯನಿಗೆ ತುಂಬ ಬೇಸರವಾಯಿತು’ ಎಂದು 4 ಕಡೆ ಬರೆದಿದ್ದೀರಿ. ಬೇಸರವನ್ನು ಬಿಡಿಸಲು ಬರುವುದಿಲ್ಲ, ಕೈ ಏನು ಮಾಡಿತು ಎಂದು ಬರೆಯಿರಿ. ಸೆಕೆಂಡಿಗೆ 24 ಫ್ರೇಮು, ಒಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ ಓಟದ ದೃಶ್ಯಕ್ಕೆ ಸೆಕೆಂಡಿಗೆ 12 ಚಿತ್ರ. ಅಲುಗದೆ ಕೂತ ಮನುಷ್ಯನಿಗೆ ಒಂದು ಭಂಗಿ, ಒಂದು ಸಲ ಕಣ್ಣು ಮಿಟುಕಿಸುವುದು ಸಾಕು. ಪಾತ್ರದ ಮೇಲೆ ಮರುಕ ಹುಟ್ಟುವುದು ಹೆಚ್ಚಾಗಿ ಈ ಕಡಿಮೆ ಖರ್ಚಿನ ಸೆಕೆಂಡುಗಳಲ್ಲೇ. ನೀವು ಅಲ್ಲೆಲ್ಲ ಮಾತು ತುಂಬಿದ್ದೀರಿ.

ಜಾತ್ರೆ ಹೋದ ಮೇಲೆ ಕಂತಿನ ಕೊನೆಗೆ ಜಾಗ ಸಿಗುತ್ತದೆ. 17ನೇ ಪುಟದ ಅಜ್ಜನನ್ನು ಅಲ್ಲಿಗೆ ತನ್ನಿ. ರಾತ್ರಿ, ಮಳೆ, ಜಗಲಿಯಲ್ಲಿ ಅಜ್ಜನ ಪಕ್ಕ ಅಪ್ಪಯ್ಯ, ಬೆರಳ ಸಂದಿಯಲ್ಲಿ ಇನ್ನೂ ನೀಲಿ. ತೋಟದಲ್ಲಿ ಟಪ್ಪೆಂದು ಕಾಯಿ ಬೀಳುತ್ತದೆ. ಅಜ್ಜ ಎಣಿಸುವುದಿಲ್ಲ. ಆಯಿ ಬಂದು ಕೆಂಪಾದ ಚಾಕುವನ್ನು ತೊಳೆಯದೆ ಅಪ್ಪಯ್ಯನ ಮುಂದಿಟ್ಟು, ತಾನೂ ಕೂರುತ್ತಾಳೆ. 5 ಸೆಕೆಂಡು ಯಾರೂ ಮಾತಾಡಕೂಡದು.

ಪೂರ್ತಿ ಕಂತನ್ನು ಈಗಲೇ ತಿದ್ದಬೇಡಿ. ಅಂಗಡಿಯ ದೃಶ್ಯ, ಚಾಕುವಿನ ದೃಶ್ಯ, ಈ ಕೊನೆ, ಮೂರನ್ನೂ ಸೇರಿಸಿ 8 ಪುಟ ಮೀರದಂತೆ ಬರೆದು ಕಳಿಸಿ.