ಮಗಳ ಮರೆವಿಗೆ ಇನ್ನೊಂದು ಎಂಆರ್‌ಐ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾವು ದಾವಣಗೆರೆಯವರು. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಹೋದ ವರ್ಷ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಅಂತ ಗೊತ್ತಾಯಿತು. ಈಗ ಕಣ್ಣು, ಕೈಕಾಲು ಸರಿಯಿವೆ, ಆದರೆ ರಾತ್ರಿ ಓದಿದ್ದು ಬೆಳಗ್ಗೆ ನೆನಪಿರಲ್ಲ. ಈ ಕಾಯಿಲೆಯಲ್ಲಿ ಮಿದುಳಿನ ನೆನಪಿನ ಭಾಗ ಕುಗ್ಗುತ್ತದಂತೆ, ರಿಪೋರ್ಟಿನಲ್ಲಿ ಆ ಮಾತೇ ಇಲ್ಲ. ಅದನ್ನು ಅಳೆಸಲು ಮತ್ತೆ ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ಅದೊಂದಕ್ಕೇ ಅಂತಾದರೆ ಬೇಡಮ್ಮಾ. ನೀವು ಕೇಳಿದ್ದು ಸುಳ್ಳೇನಲ್ಲ. ಹೊಸದಾಗಿ ಕಲಿತದ್ದು ಮನಸ್ಸಿನಲ್ಲಿ ನಿಲ್ಲಬೇಕಾದರೆ ಮಿದುಳಿನ ಎರಡೂ ಬದಿಯಲ್ಲಿ, ಒಳಗಡೆ ಇರುವ ಹಿಪ್ಪೋಕ್ಯಾಂಪಸ್ ಕೆಲಸ ಮಾಡಬೇಕು. ನಡುವಿನ ಥಾಲಮಸ್ಸೂ ಜೊತೆಗೂಡಬೇಕು. ಎಂಎಸ್ ಇರುವ ಮಕ್ಕಳಲ್ಲಿ ಈ ಭಾಗಗಳು, ಅದರಲ್ಲೂ ಥಾಲಮಸ್, ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಸಣ್ಣದಾಗಿರುವುದು ಕಂಡಿದೆ. ಆದರೆ ಅದು ಗುಂಪಿನ ಸರಾಸರಿ. ಆರೋಗ್ಯವಾಗಿರುವ ಮಕ್ಕಳಲ್ಲೇ ಈ ಅಳತೆ ಒಬ್ಬರಿಗಿಂತ ಒಬ್ಬರದ್ದು ಬೇರೆ, ಮಶೀನ್ ಬದಲಾದರೂ ಲೆಕ್ಕ ಬದಲಾಗುತ್ತದೆ, ಮೇಲಾಗಿ ನಿಮ್ಮ ಮಗಳದು ಇನ್ನೂ ಬೆಳೆಯುವ ಮಿದುಳು. ಒಂದು ಸಂಖ್ಯೆ ನೋಡಿ ಮರೆವಿಗೆ ಇದೇ ಕಾರಣ ಅಂತ ಹೇಳಲಾಗದು.

ರಿಪೋರ್ಟ್ ಬರೆಯುವವರು ಮುಖ್ಯವಾಗಿ ನೋಡುವುದು ಈ ಕಾಯಿಲೆಯಿಂದ ಮಿದುಳಿನಲ್ಲಿ ಆದ ಬಿಳಿ ಮಚ್ಚೆಗಳನ್ನು. ಹೊಸದು ಬಂದಿದೆಯಾ, ಕಾಂಟ್ರಾಸ್ಟ್ (ಸ್ಕ್ಯಾನ್ ವೇಳೆ ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಟ್ಟಾಗ ಯಾವುದಾದರೂ ಹೊಳೆಯುತ್ತಿದೆಯಾ ಅಂತ. ಔಷಧಿ ಸಾಕಾ, ಬದಲಿಸಬೇಕಾ ಅನ್ನುವುದಕ್ಕೆ ಅದು ಬೇಕು. ಹಾಗಾಗಿ ನರರೋಗ ತಜ್ಞರು ಹೇಳಿದ ಎಂಆರ್‌ಐ ತಪ್ಪಿಸಬೇಡಿ, ಆದಷ್ಟು ಅದೇ ಮಶೀನಿನಲ್ಲಿ ಮಾಡಿಸಿ, ಹಳೇ ಸಿಡಿ ಜೊತೆಗೊಯ್ಯಿರಿ.

ನಾನಾಗಿದ್ದರೆ ನೆನಪಿನ ಪರೀಕ್ಷೆ ಮಾಡಿಸುತ್ತಿದ್ದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮನಶ್ಶಾಸ್ತ್ರಜ್ಞರು ಮಾಡುತ್ತಾರೆ. ಪದಗಳ ಪಟ್ಟಿಯೊಂದನ್ನು ನಾಲ್ಕೈದು ಸಲ ಓದಿ ಹೇಳಿಸುತ್ತಾರೆ, ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು, ಆಮೇಲೆ ಅವೇ ಪದಗಳನ್ನು ಮತ್ತೆ ಕೇಳುತ್ತಾರೆ. ಪಾಠ ತಲೆಗೆ ಹೋಗಿಯೇ ಇಲ್ಲವಾ, ಹೋಗಿ ಮರೆತುಹೋಗಿದೆಯಾ ಅಂತ ಇದರಿಂದ ತಿಳಿಯುತ್ತದೆ. ಎಷ್ಟೋ ಮಕ್ಕಳಲ್ಲಿ ನೆನಪಿಗಿಂತ ಗಮನ ಮತ್ತು ಯೋಚಿಸುವ ವೇಗವೇ ಕುಂಟುತ್ತಿರುತ್ತದೆ. ನಿದ್ದೆ, ಸುಸ್ತು, ಬೇಜಾರು ಇವನ್ನೂ ನೋಡಬೇಕು. ಮೈ ಬಿಸಿಯಾದರೆ ಎಂಎಸ್ ತೊಂದರೆಗಳು ತಾತ್ಕಾಲಿಕವಾಗಿ ಜಾಸ್ತಿಯಾಗುತ್ತವೆ, ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ; ತಂಪು ಹೊತ್ತಿನಲ್ಲಿ ಓದಿಸಿ. ಒಂದೆಲಗ ತಿನ್ನಿಸಿ ಅಂತ ನೆಂಟರು ಹೇಳೇ ಹೇಳ್ತಾರೆ, ಚಟ್ನಿ ಮಾಡಿ ಕೊಡಿ, ಆದರೆ ಅದನ್ನು ನಂಬಿ ಔಷಧಿ ನಿಲ್ಲಿಸಬೇಡಿ. ನಾಲ್ಕೇ ದಿನದಲ್ಲಿ ಮರೆವು ಏಕಾಏಕಿ ಹೆಚ್ಚಿದರೆ ತಡ ಮಾಡದೆ ತಜ್ಞರಿಗೆ ತೋರಿಸಿ.

ಇನ್ನು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಕೂಡ ಸೇರಿದೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಅಲ್ವಾ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಬಹುದಾ ಅಂತ ಹೆಡ್‌ಮಾಸ್ತರನ್ನು ಈಗಲೇ ಕೇಳಿ. ಪ್ರಮಾಣಪತ್ರದ ಓಡಾಟಕ್ಕೆ ಟೈಮ್ ಹಿಡಿಯುತ್ತದೆ.