ನಿಂತಾಗ ಆ ಮುಳ್ಳು ನೋಡಿ

ಪ್ರಶ್ನೆ: ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತೆಗೆದುಕೊಂಡೆ. ಬೆಳಿಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಒಂದು ಗಂಟೆ ಓಡಿದ ಮೇಲೆ ಸುಮ್ನೆ ಆಫ್ ಆಗಿಬಿಡುತ್ತದೆ. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಹೊರಡುತ್ತದೆ! ಬ್ಯಾಟರಿ, ಪ್ಲಗ್, ಫ್ಯೂಯಲ್ ಪಂಪ್ ಎಲ್ಲಾ ಹೊಸದು ಹಾಕಿಸಿದೆ. ಗ್ಯಾರೇಜಿನಲ್ಲಿ ಒಂದು ಸಲವೂ ನಿಲ್ಲುವುದಿಲ್ಲ. ಅವರು ನನ್ನನ್ನೇ ಸುಳ್ಳುಗಾರನ ಥರ ನೋಡುತ್ತಾರೆ. ಮಾರಿಬಿಡಲಾ?

ಉತ್ತರ: ಮಾರುವ ಮಾತು ಆಮೇಲೆ. ಸೆಲ್ಫ್ ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಅಲ್ಲೇ ಗೊತ್ತಾಯಿತು, ನಿಮ್ಮ ಗಾಡಿಗೆ ಅಂದಾಜಿನ ಮೇಲೆ ರಿಪೇರಿ ನಡೆದಿದೆ.

ಬಿಸಿಯಾದಾಗ ಸತ್ತು, ತಣಿದಾಗ ಎದ್ದು ಕೂರುವ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಕ್ರ್ಯಾಂಕ್ ಸೆನ್ಸರ್. ಎಂಜಿನ್ ಹೇಗೆ ತಿರುಗುತ್ತಿದೆ ಅಂತ ಕಾರಿನೊಳಗಿನ ಕಂಪ್ಯೂಟರಿಗೆ ಹೇಳುವ ಪುಟ್ಟ ವಸ್ತು ಅದು. ಹಳತಾದರೆ ಬಿಸಿಗೆ ಅದರೊಳಗಿನ ಸಂಪರ್ಕ ಬಿಟ್ಟುಹೋಗುತ್ತದೆ. ಸುದ್ದಿ ಬರದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡಲ್ಲ, ಪೆಟ್ರೋಲನ್ನೂ ಕೊಡಲ್ಲ. ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ನೀವು ಗ್ಯಾರೇಜ್ ಬಾಗಿಲಲ್ಲಿರುತ್ತೀರಿ. ಪಾಪ, ಮೆಕ್ಯಾನಿಕ್‌ಗೆ ಏನು ತಾನೇ ಕಾಣಬೇಕು?

ಹಾಗಂತ ಈಗಲೇ ಸೆನ್ಸರ್ ಕೊಳ್ಳಲು ಓಡಬೇಡಿ. ಅದೂ ಅಂದಾಜೇ ಆಗುತ್ತದಲ್ಲ! ಮುಂದಿನ ಸಲ ನಿಂತಾಗ ಸೆಲ್ಫ್ ಹೊಡೆಯುತ್ತಾ, ಎಂಜಿನ್ ಸುತ್ತುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ನೋಡಿ. ತುಸುವೂ ಏಳದೆ ಸೊನ್ನೆಯಲ್ಲೇ ಕುಳಿತಿದ್ದರೆ ಸೆನ್ಸರ್ ಮೇಲಿನ ಅನುಮಾನ ಗಟ್ಟಿ. ಎಲ್ಲಾ ಕಾರಿನಲ್ಲೂ ಈ ಗುರುತು ಸಿಗುವುದಿಲ್ಲ, ಆದರೆ ನೋಡಲು ಖರ್ಚೇನೂ ಇಲ್ಲ. ಆಮೇಲೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಒಂದೆರಡು ಸೆಕೆಂಡ್ ಪಂಪ್ ಗುಂಯ್ ಅನ್ನಬೇಕು. ಬೇರೆ ದಿನ ಕೇಳುವ ಸದ್ದು ಅವತ್ತು ಕೇಳದಿದ್ದರೆ ಪಂಪಿನ ರಿಲೇ (ಅದಕ್ಕೆ ಕರೆಂಟ್ ಹಾಯಿಸುವ ಸ್ವಿಚ್ಚು), ವೈರಿಂಗ್ ನೋಡಿಸಿ. ಹೊಸ ಪಂಪ್ ಹಾಕಿದರೂ ಹಳೇ ರಿಲೇ ಹಾಗೇ ಉಳಿದಿರಬಹುದು.

ನನ್ನ ಮೊದಲ ಹಳೇ ಕಾರು ಮೂರು ಬ್ಯಾಟರಿ ನುಂಗಿತ್ತು. ನಾಲ್ಕನೆಯದು ಕೊಳ್ಳುವ ಮುಂಚೆ ಮಲ್ಟಿಮೀಟರ್ ಹಿಡಿದೆ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ ಸುಮಾರು 14. ಬ್ಯಾಟರಿಯೂ ಸರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರೂ ಸರಿ! ಕೊನೆಗೆ ಸಿಕ್ಕಿದ್ದು ಅರ್ಥಿಂಗ್ ವೈರಿನ ಬೋಲ್ಟ್ ಕೆಳಗಿನ ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ, ಅಷ್ಟೇ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಒಂದು ಎಚ್ಚರಿಕೆ. ಓಡುವಾಗಲೇ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕನ್ನು ಪದೇ ಪದೇ ತುಳಿದು ಬಿಟ್ಟರೆ ಅದರ ಪೆಡಲೂ ಗಟ್ಟಿಯಾಗುತ್ತದೆ. ಒಂದೇ ಸಲ ಒತ್ತಿ ಹಿಡಿದು ಪಕ್ಕಕ್ಕೆ ತನ್ನಿ.

ಚಾಸಿಸ್ ತುಕ್ಕು ಹಿಡಿದಿದ್ದರೆ, ಎಂಜಿನ್ ಆಯಿಲಿಗೆ ಕೂಲೆಂಟ್ ಸೇರಿ ಹಾಲು ಬೆರೆಸಿದ ಹಾಗಾಗಿದ್ದರೆ ನಾನೂ ಮಾರಿ ಅನ್ನುತ್ತಿದ್ದೆ. ನಿಮ್ಮದು ಆ ಕಾಯಿಲೆ ಥರ ಕಾಣುತ್ತಿಲ್ಲ. ಮುಳ್ಳು ಏನು ಮಾಡಿತು ಅಂತ ಬರೆದು ತಿಳಿಸಿ.