ಲೈನ್ ಸೈನಿಕರ ಪೆಟ್ಟಿಗೆಯಿಂದ ಲೈಟ್ ಇನ್‌ಫೆಂಟ್ರಿ ಮಾಡಬಹುದಾ?

ನೆಪೋಲಿಯನ್ ಕಾಲದ ಫ್ರೆಂಚ್ ಲೈನ್ ಇನ್‌ಫೆಂಟ್ರಿಯ (ಸಾಲುಗಟ್ಟಿ ಕಾದಾಡುವ ಸಾಮಾನ್ಯ ಕಾಲಾಳುಗಳು) 28 ಮಿ.ಮೀ. ಗೊಂಬೆಗಳ ಪೆಟ್ಟಿಗೆ ಇದೆ, ಅದನ್ನೇ ಲೈಟ್ ಇನ್‌ಫೆಂಟ್ರಿ (ಹಗುರ ಕಾಲಾಳುಗಳು) ಅಂತ ಬಣ್ಣ ಹಚ್ಚಬಹುದಾ ಅಂತ ಕೇಳಿದ್ದೀರಿ. ಮೊದಲು ಗೊಂಬೆಗಳ ಸಮವಸ್ತ್ರ ಯಾವ ಕಾಲದ್ದು ನೋಡಿ. 1812ರ ನಂತರದ್ದಾದರೆ ಧೈರ್ಯವಾಗಿ ಹಚ್ಚಿ. ಆ ವರ್ಷದ ಹೊಸ ನಿಯಮದಿಂದ ಇಬ್ಬರ ಕೋಟೂ ಸೊಂಟದವರೆಗೆ ಮುಚ್ಚಿತು, ಹೊಲಿಗೆ ಹೆಚ್ಚುಕಮ್ಮಿ ಒಂದೇ. ಅದಕ್ಕೂ ಹಿಂದಿನದಾದರೆ ಕಷ್ಟ. ಲೈಟ್‌ನವರ ಎದೆಪಟ್ಟಿಯ ತುದಿ ಚೂಪು, ಗೇಟರ್ (ಬೂಟಿನ ಮೇಲಿನ ಕಾಲುಕವಚ) ಗಿಡ್ಡ. ಬರೀ ಬಣ್ಣದಿಂದ ಅದು ಬರಲ್ಲ.

ಲೈನ್‌ನವರಿಗೆ ಎದೆಪಟ್ಟಿ ಬಿಳಿ, ಗುಂಡಿ ಹಿತ್ತಾಳೆ. ಲೈಟ್‌ನವರಿಗೆ ಎದೆಪಟ್ಟಿ, ಪ್ಯಾಂಟು ಎರಡೂ ನೀಲಿ, ಗುಂಡಿ ಬೆಳ್ಳಿ ಬಣ್ಣ. ಲೈಟ್‌ನವರಲ್ಲೇ ಶಸ್ಸರ್‌ಗಳಿಗೆ (ಸಾಮಾನ್ಯ ಸೈನಿಕರು) ಹಸಿರು ಭುಜಪಟ್ಟಿ, ಕ್ಯಾರಬಿನಿಯರ್‌ಗಳಿಗೆ (ಆಯ್ದ ಸೈನಿಕರು) ಕೆಂಪು. ವೋಲ್ಟಿಜರ್‌ಗಳಿಗೆ (ಮುಂದೆ ಚದುರಿ ಕಾದಾಡುವವರು) ಹಳದಿ ಕಾಲರ್ ಇರಲಿ.

ಒಂದು ಮಾತು. ಅಷ್ಟೊಂದು ಕಡುನೀಲಿ ಇಷ್ಟು ಸಣ್ಣ ಗೊಂಬೆ ಮೇಲೆ ಕಪ್ಪಾಗಿ ಕಾಣುತ್ತದೆ. ಒಂದು ಛಾಯೆ ತಿಳಿಯಾಗಿಯೇ ಹಚ್ಚಿ. ಆಮೇಲೆ ಎದೆಪಟ್ಟಿಯ ಅಂಚಿಗೆ ಕೂದಲೆಳೆಯಷ್ಟು ಬಿಳಿ ಗೆರೆ ಎಳೆಯಿರಿ. ಬಣ್ಣ ಸ್ವಲ್ಪ ತೆಳುವಾಗಿರಲಿ, ಕುಂಚದ ತುದಿ ಮಾತ್ರ ತಾಗಲಿ. ನನಗಂತೂ ಆ ಗೆರೆ ಬಿದ್ದ ಕ್ಷಣವೇ ಗೊಂಬೆಗೆ ಜೀವ ಬಂದ ಹಾಗನಿಸುತ್ತದೆ. ಮೊದಲು ಒಂದೇ ಗೊಂಬೆ ಮುಗಿಸಿ, ಫೋಟೋ ಹಾಕಿ, ನೋಡೋಣ.